ಮೂರು ಉದ್ದ, ಎರಡು ಗಿಡ್ಡ

ಹುಟ್ಟಿ ಇಪ್ಪತ್ತಮೂರು ವರ್ಷಕ್ಕೆ ನಾನು ಹೇಳಿದ ಮೊದಲ ದೊಡ್ಡ ಸುಳ್ಳಿನಲ್ಲಿ ಒಂದೂ ಕ್ರಿಯಾಪದವಿರಲಿಲ್ಲ. “ನಾಲ್ಕು ಉದ್ದ, ಮೂರು ಗಿಡ್ಡ” ಎಂದೆ, ಅಷ್ಟೆ. ಆಗ ಅಪ್ಪ ನಮ್ಮ ಹಳೆಯ ಡೀಸೆಲ್ ಕಾರಿನ ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ ಮಲಗಿದ್ದರು. ಕಾಲುಗಳೆರಡೂ ಬಾಗಿಲಿನಿಂದಾಚೆ ಶೆಡ್ಡಿನ ನೆಲದ ಮೇಲಿದ್ದವು. ಒಂದರಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ನಾನು ಪಕ್ಕದ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡಿನ ಹಳದಿ ದೀಪವನ್ನು ನೋಡುತ್ತಿದ್ದೆ. ದೀಪ ಹೇಳಿದ್ದು ಬೇರೆ, ನಾನು ಹೇಳಿದ್ದು ಬೇರೆ.

ಆ ದೀಪ ಉರಿಯತೊಡಗಿ ತಿಂಗಳಾಗಿತ್ತು. ಇಪ್ಪತ್ತೆರಡು ವರ್ಷದ ಕಾರು ಅದು. ಬೆಳಿಗ್ಗೆ ಹೊರಡಿಸಬೇಕೆಂದರೆ ಅದು ಕೆಮ್ಮಿ, ಕ್ಯಾಕರಿಸಿ, ಬಿಳಿ ಹೊಗೆ ಉಗುಳಿ, ಅಕ್ಕಪಕ್ಕದವರು ಕಿಟಕಿ ಮುಚ್ಚಿದ ಮೇಲೆಯೇ ಜೀವ ತಳೆಯುತ್ತಿತ್ತು. ಮೆಕ್ಯಾನಿಕ್ ತನ್ನ ಹೊಸ ಯಂತ್ರ ತಂದು ಚುಚ್ಚಲು ನೋಡಿದ. ನಮ್ಮ ಕಾರಿನ ಸಾಕೆಟ್ಟಿಗೆ ಅದರ ಮೂತಿ ಹೊಂದಲಿಲ್ಲ. ಈ ಕಾರು ನನ್ನ ಮಷೀನಿಗಿಂತ ಹಿರಿಯದು, ಅದಕ್ಕೆ ಇದರ ಭಾಷೆ ಬರುವುದಿಲ್ಲ ಎಂದು ಕೈ ಒರೆಸಿಕೊಂಡು ಹೋದ.

ಆದರೆ ಕಾರಿನ ಜೊತೆ ಬಂದಿದ್ದ ಪುಸ್ತಕದಲ್ಲಿ ಮನೆಯಲ್ಲೇ ಮಾಡಬಹುದಾದ ಉಪಾಯವಿತ್ತು. ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿನಲ್ಲಿ ಎರಡು ತೂತುಗಳಿಗೆ ಒಂದು ತಂತಿ ಸೇರಿಸಿ ಕೀ ತಿರುಗಿಸಿದರೆ ದೀಪ ಮಿಟುಕುತ್ತದೆ. ಉದ್ದ ಮಿಟುಕು ಹತ್ತು, ಗಿಡ್ಡ ಮಿಟುಕು ಒಂದು. ಎಣಿಸಿ, ಬಂದ ಸಂಖ್ಯೆಯನ್ನು ಪುಸ್ತಕದ ಕೊನೆಯ ಪಟ್ಟಿಯಲ್ಲಿ ಹುಡುಕಿದರೆ ಎಂಜಿನ್ನಿಗೆ ಏನಾಗಿದೆ ಎಂದು ತಿಳಿಯುತ್ತದೆ. ತಂತಿಯ ಬದಲು ಅಪ್ಪ ನನ್ನ ಹೇರ್‌ಪಿನ್ ತೆಗೆದುಕೊಂಡರು. ಅದನ್ನು ಹಿಡಿದು ಮಲಗಿದವರಿಗೆ ದೀಪ ಕಾಣುವುದಿಲ್ಲವಾದ್ದರಿಂದ ಎಣಿಸಲು ಇನ್ನೊಬ್ಬರು ಬೇಕಿತ್ತು. ಅಣ್ಣ ಒಂದು ಸಲ ಕೂತ. ನಡುವೆ ಅವನಿಗೆ ಫೋನ್ ಬಂದು, ಐದೋ ಆರೋ ಇರಬಹುದು ಎಂದ. ಅಪ್ಪ ಅವನನ್ನು ಇಳಿಸಿ ನನ್ನನ್ನು ಕೂರಿಸಿದರು.

ನಾನೇ ಯಾಕೆಂದರೆ ನಾನು ಮಾತಾಡುವುದಿಲ್ಲ. ಮಾತಾಡದವರು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ನಮ್ಮ ಮನೆಯಲ್ಲಿದೆ. ಅದನ್ನು ಯಾರೂ ಪರೀಕ್ಷಿಸಿರಲಿಲ್ಲ.

ಅಪ್ಪ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವವರು. ಮೂವತ್ತು ವರ್ಷದಿಂದ ಮನೆಮನೆಗೆ ಹೋಗಿ, ಕಲ್ಲು ಎತ್ತಿ, ಬಗ್ಗಿ, ಮೀಟರಿನ ಸಂಖ್ಯೆಯನ್ನು ಶಾಯಿಯಲ್ಲಿ ಬರೆದುಕೊಳ್ಳುತ್ತಾರೆ. ಬರೆದದ್ದನ್ನು ತಿದ್ದುವುದಿಲ್ಲ. ತಪ್ಪಾಗಿದ್ದರೆ ಕೆಳಗಿನ ಸಾಲಿನಲ್ಲಿ ಹೊಸದು ಬರೆಯಬೇಕು, ಹಳೆಯದೂ ಇರಬೇಕು. ಕಾರಿನ ದೀಪಕ್ಕೂ ಅದೇ ಗೌರವ ಕೊಟ್ಟು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಾರೀಖು, ಸಮಯ, ಉದ್ದ, ಗಿಡ್ಡ ಎಂದು ನಾಲ್ಕು ಕಾಲಂ ಮಾಡಿಟ್ಟಿದ್ದರು.

ಇಷ್ಟೆಲ್ಲ ಯಾಕೆಂದರೆ ಕಾರು ಮಾರಬೇಕಿತ್ತು. ರಸ್ತೆಯ ಕೊನೆಯ ಔಷಧಿ ಅಂಗಡಿಯವರು ಕೊಳ್ಳಲು ಒಪ್ಪಿದ್ದರು. ದೀಪ ಆರಿಸಿಕೊಟ್ಟರೆ ಭಾನುವಾರವೇ ಒಯ್ಯುತ್ತೇನೆ ಎಂದಿದ್ದರು. ಮನೆಯಲ್ಲಿ ಎಲ್ಲರಿಗೂ ಖುಷಿ. ನನ್ನೊಬ್ಬಳನ್ನು ಬಿಟ್ಟು.

ನಮ್ಮದು ಎರಡು ಕೋಣೆ, ಒಂದು ಹಾಲ್ ಇರುವ ಮನೆ. ಹಾಲಿನಲ್ಲಿ ಅಮ್ಮನ ಹೊಲಿಗೆ ಮಷೀನು, ಅದರ ಸುತ್ತ ಅಳತೆ ಕೊಡಲು ಬಂದವರು, ಅಳತೆ ಸರಿಯಿಲ್ಲವೆಂದು ಬಂದವರು. ಮುಂದಿನ ಕೋಣೆಯಲ್ಲಿ ಅಣ್ಣ. ಫ್ರಿಜ್ ಕೆಟ್ಟವರಿಗೆ ಫೋನಿನಲ್ಲಿ ಸಮಾಧಾನ ಹೇಳುವುದು ಅವನ ಉದ್ಯೋಗ. ಹಿಂದಿನ ಕೋಣೆ ನನಗೂ ಅಜ್ಜಿಗೂ ಸೇರಿದ್ದು, ಎಂದರೆ ಅಜ್ಜಿಯದು ಮತ್ತು ಅವರ ರೇಡಿಯೋದ್ದು. ಡಿಗ್ರಿ ಮುಗಿದ ಮೇಲೆ ನಾನು ದಿನಚರಿ ಬರೆಯಲು ಈ ಮನೆಯ ಎಲ್ಲ ಮೂಲೆಗಳನ್ನೂ ಪ್ರಯತ್ನಿಸಿದ್ದೇನೆ, ಬಚ್ಚಲುಮನೆಯನ್ನೂ ಬಿಟ್ಟಿಲ್ಲ. ಕಳೆದ ವರ್ಷ ಒಂದು ಮಧ್ಯಾಹ್ನ ಅದು ಅಣ್ಣನ ಕೈಗೆ ಸಿಕ್ಕಿತು. ಎಲ್ಲರೂ ಊಟಕ್ಕೆ ಕೂತಿದ್ದಾಗ ಅವನು ತನ್ನ ಫೋನಿನ ದನಿಯಲ್ಲಿ ಒಂದು ಸಾಲು ಓದಿದ: “ಇಂದು ತರಕಾರಿಯವನು ನನ್ನನ್ನು ಆಂಟಿ ಎಂದ. ನನಗೆ ಇಪ್ಪತ್ತೆರಡು.” ಅಮ್ಮ ನಕ್ಕರು, ಅಪ್ಪ ನಗದಿರಲು ನೋಡಿ ನೀರು ನೆತ್ತಿಗೇರಿಸಿಕೊಂಡರು. ನಾನು ಮೂರು ದಿನ ಅನ್ನವನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ.

ಅಂದಿನಿಂದ ದಿನಚರಿ ಕಾರಿನಲ್ಲಿದೆ. ಡ್ಯಾಶ್‌ಬೋರ್ಡಿನ ಖಾನೆಗೆ ಬೀಗವಿದೆ. ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತು ಬಾಗಿಲು ಹಾಕಿಕೊಂಡರೆ ಫ್ರಿಜ್ಜು, ಹೊಲಿಗೆ ಮಷೀನು, ರೇಡಿಯೋ ಎಲ್ಲವೂ ದೂರದ ಊರಿನವಾಗುತ್ತವೆ. ಕಾರು ಒರೆಸಿ ಬರುತ್ತೇನೆಂದು ಹೇಳಿ ಕೈಯಲ್ಲೊಂದು ಬಟ್ಟೆ ಹಿಡಿದು ದಿನವೂ ಒಂದು ಗಂಟೆ ಹೋಗುತ್ತೇನೆ. ಕೆಟ್ಟ ಕಾರುಗಳಲ್ಲೇ ಅಷ್ಟು ಹೊಳೆಯುವ ಕಾರು ಇನ್ನೊಂದಿರಲಾರದು. ಅದು ಹೋದರೆ ನಾನು ಬರೆಯುವುದೂ ಹೋಗುತ್ತದೆ. ಬರೆಯದಿದ್ದರೆ ನನ್ನೊಳಗಿನ ಮಾತೆಲ್ಲ ಎಲ್ಲಿಗೆ ಹೋಗಬೇಕು? ಬಾಯಿಗಂತೂ ಬರುವುದಿಲ್ಲ.

ಆದ್ದರಿಂದ ಆ ಬುಧವಾರದ ಸಂಜೆ ನಾನು ಸಿದ್ಧಳಾಗಿಯೇ ಕೂತಿದ್ದೆ. ಪುಸ್ತಕದ ಪಟ್ಟಿಯನ್ನು ಹಿಂದಿನ ದಿನವೇ ದಿನಚರಿಗೆ ಇಳಿಸಿಕೊಂಡು ಪರೀಕ್ಷೆಗೆ ಓದುವ ಹಾಗೆ ಓದಿದ್ದೆ. ದೀಪ ನಿಧಾನವಾಗಿ ಮೂರು ಸಲ ಹೊತ್ತಿತು, ಆಮೇಲೆ ಚಟ್ ಚಟ್ ಎಂದು ಎರಡು ಸಲ. ಮೂವತ್ತೆರಡು. ಹೀಟರ್ ಪ್ಲಗ್ಗಿನ ರಿಲೇ. ತಣ್ಣಗಿರುವ ಡೀಸೆಲ್ ಎಂಜಿನ್ನು ಹೊರಡುವ ಮುನ್ನ ಅದರ ಒಳಗನ್ನು ಬೆಚ್ಚಗೆ ಮಾಡುವ ಪ್ಲಗ್ಗುಗಳಿಗೆ ಕರೆಂಟು ಕೊಡುವ ಬೆಂಕಿಪೊಟ್ಟಣದಷ್ಟು ಡಬ್ಬಿ. ಅಂಗಡಿಯಿಂದ ತಂದು ಹತ್ತು ನಿಮಿಷದಲ್ಲಿ ಹಾಕಬಹುದು. ದೀಪ ಆರುತ್ತದೆ, ಭಾನುವಾರ ಕಾರು ಹೋಗುತ್ತದೆ.

“ಎಷ್ಟು ಪುಟ್ಟಿ?” ಎಂದು ಕೆಳಗಿನಿಂದ ಅಪ್ಪನ ದನಿ.

ಆಗಲೇ ನಾನು ನಾಲ್ಕು ಉದ್ದ, ಮೂರು ಗಿಡ್ಡ ಎಂದದ್ದು. ನಲವತ್ತಮೂರು ಎಂದರೆ ಡೀಸೆಲ್ ಪಂಪಿನ ಟೈಮಿಂಗ್. ಇಡೀ ಪಟ್ಟಿಯಲ್ಲಿ ಅದಕ್ಕಿಂತ ಕೆಟ್ಟ ಸುದ್ದಿ ಇಲ್ಲ.

ಅಪ್ಪ ಮೆಲ್ಲನೆ ಹೊರಬಂದು, ಬರೆದುಕೊಂಡು, ಪುಸ್ತಕ ನೋಡಿ, ಚಪ್ಪಲಿ ಹುಡುಕುವುದನ್ನೂ ಮರೆತು ಹಾಗೇ ಕೂತರು. ನನಗೆ ಪಾಪವೆನಿಸಿತು. ಆದರೆ ಪಾಪದ ಕೆಳಗೆ ಸಣ್ಣಗೆ ಕಚಗುಳಿಯೂ ಆಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅಪ್ಪ ಅಂದೇ ಔಷಧಿ ಅಂಗಡಿಗೆ ಹೋಗಿ ಪಂಪು ಹೋಗಿದೆ, ನಿಮಗೆ ಮೋಸ ಮಾಡಲಾರೆ ಎಂದು ಹೇಳಿ ಬಂದರು. ಅಂಗಡಿಯವರು ಕೈಮುಗಿದು ಬಿಟ್ಟುಬಿಟ್ಟರಂತೆ. ನಾನು ಕಾರು ಒರೆಸಲು ಹೋಗಿ ಎರಡು ಪುಟ ಬರೆದೆ.

ಗುರುವಾರ ಬೆಳಿಗ್ಗೆ ಆ ಎರಡು ಪುಟವೂ ವ್ಯರ್ಥವಾಯಿತು. ಪಂಪಿನ ಖರ್ಚಿಗೆ ಇನ್ನೊಂದು ಕಾರೇ ಬರುತ್ತದೆ, ಇನ್ನು ಇದನ್ನು ಇಟ್ಟುಕೊಂಡು ಮಾಡುವುದೇನು ಎಂದು ಅಪ್ಪ ಗುಜರಿಯವನಿಗೆ ಫೋನು ಮಾಡಿಬಿಟ್ಟಿದ್ದರು. ಅವನು ಶನಿವಾರ ಬರುತ್ತಾನೆ. ಔಷಧಿ ಅಂಗಡಿಯವರಾದರೆ ಕಾರನ್ನು ಓಡಿಸುತ್ತಿದ್ದರು. ಇವನು ಬಾಗಿಲು ಬೇರೆ, ಸೀಟು ಬೇರೆ, ಚಕ್ರ ಬೇರೆ ಮಾಡಿ ತೂಗುತ್ತಾನೆ. ಜಾಣತನ ಮಾಡಲು ಹೋಗಿ ನಾನೇ ನನ್ನ ಸೀಟನ್ನು ತಕ್ಕಡಿಗೆ ಹಾಕಿದ್ದೆ.

ಅಂದು ಮಧ್ಯಾಹ್ನ ಹಿಂದಿನ ಸೀಟಿನಲ್ಲಿ ಪಟ್ಟಿ ಬಿಡಿಸಿಕೊಂಡು ಕೂತೆ. ನಿಜ ಹೇಳಿದರೆ ಔಷಧಿಯವರು ಒಯ್ಯುತ್ತಾರೆ, ನಲವತ್ತಮೂರೇ ಉಳಿದರೆ ಗುಜರಿಯವನು ಒಯ್ಯುತ್ತಾನೆ. ನನಗೆ ಬೇಕಾಗಿದ್ದದ್ದು ಯಾರೂ ಕೊಳ್ಳದಷ್ಟು ದೊಡ್ಡದೂ ಯಾರೂ ಒಡೆಯದಷ್ಟು ಚಿಕ್ಕದೂ ಆದ ಕಾಯಿಲೆ. ಹುಡುಗಿಗೆ ಜ್ವರವೂ ಇರಬೇಕು, ಶಾಲೆಗೂ ಹೋಗಬೇಕು ಎಂಬಂಥದ್ದು. ಹುಡುಕಿ ಹುಡುಕಿ ಇಪ್ಪತ್ತೇಳನ್ನು ಆರಿಸಿದೆ: ವೇಗ ಅಳೆಯುವ ಸೆನ್ಸರಿನ ದೋಷ. ಕಾರು ಓಡುತ್ತದೆ, ಎಷ್ಟು ಓಡಿತೆಂದು ಅದಕ್ಕೇ ಗೊತ್ತಾಗುವುದಿಲ್ಲ. ಅಪ್ಪನಂಥವರಿಗೆ ಕಿರಿಕಿರಿ, ಅಷ್ಟೆ.

ಶುಕ್ರವಾರ ಸಂಜೆ ಅಪ್ಪ ಕಚೇರಿಯಿಂದ ಬಂದು ಕಾಫಿ ಕುಡಿಯುವಾಗ, ಇನ್ನೊಂದು ಸಲ ಎಣಿಸೋಣ ಎಂದೆ. ನಾನಾಗಿಯೇ ಬಾಯಿಬಿಟ್ಟದ್ದಕ್ಕೆ ಎಲ್ಲರೂ ಲೋಟ ಕೆಳಗಿಟ್ಟು ನೋಡಿದರು. ಅಪ್ಪ ಒಪ್ಪಿದರು. ಮತ್ತೆ ಮಲಗಿದರು, ಮತ್ತೆ ದೀಪ ಮೂರು ಉದ್ದ, ಎರಡು ಗಿಡ್ಡ ಮಿಟುಕಿತು. ಪಾಪ, ಅದು ತನ್ನ ಮಾತಿಗೆ ಕಟ್ಟುಬಿದ್ದಿತ್ತು. ನಾನು ಎರಡು ಉದ್ದ, ಏಳು ಗಿಡ್ಡ ಎಂದೆ.

ಕೆಳಗಿನಿಂದಲೇ ಅಪ್ಪ ಕೇಳಿದರು:

“ಮತ್ತೆ ನಲವತ್ತಮೂರು ಎಲ್ಲಿ ಹೋಯ್ತು?”

“ತಾನೇ ಅಳಿಸಿಹೋಗಿರಬೇಕಪ್ಪ.”

ಅಪ್ಪ ಹೊರಬಂದು ಅಂಗೈಯಿಂದ ಮಂಡಿಯ ಧೂಳು ತಟ್ಟಿಕೊಂಡರು. ಎರಡು ದಿನದಲ್ಲಿ ಪಂಪು ವಾಸಿಯಾಗುವುದನ್ನು ತಾನು ಕೇಳಿಲ್ಲ ಎಂದರು. ಅವರ ಕಚೇರಿಯಲ್ಲಿ ಒಂದು ಪದ್ಧತಿ ಇದೆ. ಯಾವ ಮನೆಯ ರೀಡಿಂಗ್ ಅನುಮಾನ ಹುಟ್ಟಿಸುತ್ತದೋ ಅಲ್ಲಿಗೆ ಇಬ್ಬರು ಹೋಗುತ್ತಾರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಬಾರದು. ಎರಡೂ ಹೊಂದಿದರೆ ಸರಿ. ಮನೆಯಲ್ಲಿ ಆ ಹೊತ್ತಿಗೆ ಬಿಡುವಾಗಿದ್ದವರು ಅಜ್ಜಿ ಒಬ್ಬರೇ. ಅಪ್ಪ ತಮ್ಮ ತಾಯಿಯನ್ನು ಕೈಹಿಡಿದು ತಂದು ನನ್ನ ಪಕ್ಕ, ಡ್ರೈವರ್ ಸೀಟಿನಲ್ಲಿ ಕೂರಿಸಿ, ಅವರ ಕಾಲುಗಳ ನಡುವೆ ಹೇಗೋ ಕೆಳಗೆ ತೂರಿದರು.

ಅಜ್ಜಿಯ ಕಣ್ಣು ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಈಗ ಅವರಿಗೆ ಎದುರು ಮನೆಯವರ ಗಡಿಯಾರವೂ ಕಾಣುತ್ತದೆ. ನನ್ನ ಕತೆ ಮುಗಿಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ. ದೀಪ ಮಿಟುಕಿ ಮುಗಿಯಿತು. ನಾನು ಚೀಟಿಯಲ್ಲಿ ಇಪ್ಪತ್ತೇಳು ಎಂದು ಬರೆದೆ. ಅಜ್ಜಿ ಒಮ್ಮೆ ದೀಪವನ್ನು, ಒಮ್ಮೆ ನನ್ನ ಮುಖವನ್ನು ನೋಡಿ, ಸೆರಗು ಸರಿಮಾಡಿಕೊಂಡು ಹೇಳಿದರು:

“ಏಳು ಉದ್ದ ಕಣೋ. ಒಂಬತ್ತು ಗಿಡ್ಡ.”

ಅಪ್ಪ ಪುಸ್ತಕ ತಿರುವಿದರು. ಎಪ್ಪತ್ತೊಂಬತ್ತು ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿ ಐವತ್ತನಾಲ್ಕಕ್ಕೆ ಮುಗಿದುಹೋಗಿತ್ತು. ಸರಿಯಾಗಿ ನೋಡಿದೆಯಾ ಎಂದು ಕೇಳಿದರೆ ಅಜ್ಜಿ, ನಿನ್ನನ್ನು ಹೆತ್ತವಳಿಗೆ ಎಣಿಸಲು ಕಲಿಸುತ್ತೀಯಾ ಎಂದು ತಿರುಗಿಬಿದ್ದರು. ಅಪ್ಪ ಎರಡೂ ಸಂಖ್ಯೆಯನ್ನು ಶಾಯಿಯಲ್ಲಿ ಬರೆದುಕೊಂಡರು. ಆ ಸಂದಿಯಲ್ಲಿ ಅಜ್ಜಿ ನನ್ನ ಕಿವಿಯ ಹತ್ತಿರ ಬಗ್ಗಿದರು.

“ನೀನು ಕಾರಲ್ಲಿದ್ರೆ ರೂಮಲ್ಲಿ ನಾನೂ ರೇಡಿಯೋ ಇಬ್ರೇ ಹಾಯಾಗಿರ್ತೀವಿ. ನೀನು ವಾಪಸ್ ಬಂದ್ರೆ ದಿನಾ ನಿನ್ನ ನಿಟ್ಟುಸಿರು ಕೇಳ್ಬೇಕು. ಇನ್ನೂ ಒಂದು ನಂಬರು ಬೇಕಾದ್ರೂ ಹೇಳ್ತೀನಿ.”

ನನ್ನ ಗುಟ್ಟು ಗುಟ್ಟೇ ಆಗಿರಲಿಲ್ಲ ಎಂದು ಆಗ ತಿಳಿಯಿತು. ಅಷ್ಟರಲ್ಲಿ ಅಮ್ಮ, ಸಂಜೆಯ ದೀಪ ಹಾಕಲು ಬಂದವರು, ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಬಾಗಿಲಲ್ಲಿ ನಿಂತರು. ಮೂರು ದಿನದಿಂದ ಗಂಡ ಹೀಗೆ ಕಾಲು ಹೊರಗೆ ಹಾಕಿ ಮಲಗುವುದನ್ನು ನೋಡುತ್ತಿದ್ದರು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ರವಿಕೆಯ ಅಂಚಿಗೆ ಚುಚ್ಚಿದ ಮೇಲೆ ಮಾತಾಡಿದರು.

“ರೀ, ಅದನ್ಯಾಕೆ ಹಿಡ್ಕೊಂಡೇ ಮಲಗಿದೀರ? ತುದಿ ಒಂಚೂರು ಬಗ್ಗಿಸಿ ಸಿಕ್ಕಿಸಿ, ತಾನೇ ನಿಲ್ಲುತ್ತೆ. ಆಮೇಲೆ ಎದ್ದು ನೀವೇ ನೋಡ್ಕೋಬಹುದಲ್ಲ.”

ಮೂರು ದಿನ, ಒಬ್ಬ ಮೀಟರ್ ಓದುವವರು, ಒಬ್ಬ ಪದವೀಧರೆ, ಒಬ್ಬ ಫ್ರಿಜ್ ತಜ್ಞ, ಯಾರಿಗೂ ಇದು ಹೊಳೆದಿರಲಿಲ್ಲ. ದಿನಕ್ಕೆ ನೂರು ಪಿನ್ನು ಸಿಕ್ಕಿಸುವವರಿಗೆ ಹೊಳೆಯಿತು. ಅಮ್ಮ ಬೆರಳಲ್ಲೇ ನನ್ನ ಹೇರ್‌ಪಿನ್ನಿನ ತುದಿ ಒತ್ತಿ ಕೊಟ್ಟು, ಒಲೆಯ ಮೇಲೆ ಏನೋ ಇದೆಯೆಂದು ಹೋದರು. ಅಜ್ಜಿಗೂ ಆಗಲೇ ರೇಡಿಯೋದ ಹೊತ್ತು ನೆನಪಾಯಿತು. ನಾನೊಬ್ಬಳೇ ಉಳಿದೆ.

ಅಪ್ಪ ಪಿನ್ನು ಸಿಕ್ಕಿಸಿ, ಎದ್ದು, ಡ್ರೈವರ್ ಸೀಟಿನಲ್ಲಿ ನೆಟ್ಟಗೆ ಕೂತು ಕೀ ತಿರುಗಿಸಿದರು. ಮೂರು ಉದ್ದ, ಎರಡು ಗಿಡ್ಡ. ನಿಲ್ಲಿಸಿ ಮತ್ತೆ ತಿರುಗಿಸಿದರು. ಮೂರು ಉದ್ದ, ಎರಡು ಗಿಡ್ಡ. ಮೂರನೆಯ ಸಲವೂ ನೋಡಿದರು, ಅವರು ಹಾಗೆಯೇ. ಆಮೇಲೆ ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದರು. ಬೈಯುತ್ತಾರೆಂದು ನಾನು ಭುಜ ಕುಗ್ಗಿಸಿಕೊಂಡು ಕಾದೆ. ಅವರಿಗೆ ಬಂದದ್ದು ಕೋಪವಲ್ಲ, ಕುತೂಹಲ.

“ಮೀಟರ್ ತಿದ್ದೋರನ್ನ ಮೂವತ್ತು ವರ್ಷದಿಂದ ಹಿಡೀತಿದೀನಿ ಪುಟ್ಟಿ. ಎಲ್ಲಾರೂ ಕಮ್ಮಿ ಮಾಡ್ತಾರೆ. ನೀನು ಮೊದಲು ಜಾಸ್ತಿ ಮಾಡ್ದೆ, ಆಮೇಲೆ ಕಮ್ಮಿ ಮಾಡ್ದೆ. ಇಂಥ ಕಳ್ಳರನ್ನ ನಾನು ನೋಡೇ ಇಲ್ಲ. ಯಾಕೆ?”

ಉತ್ತರ ನನ್ನ ದಿನಚರಿಯಲ್ಲಿ ಹತ್ತು ಪುಟದಷ್ಟಿತ್ತು, ಒಳ್ಳೆಯ ಭಾಷೆಯಲ್ಲಿ. ಅದು ಎರಡು ಅಡಿ ದೂರದ ಖಾನೆಯೊಳಗೆ ಬೀಗ ಹಾಕಿಕೊಂಡು ಕೂತಿತ್ತು. ಬಾಯಿಂದ ಬಂದದ್ದು ಇಷ್ಟು:

“ನಂಗೆ ಬರಿಯೋಕೆ ಬೇರೆ ಜಾಗ ಇಲ್ಲಪ್ಪ. ಇದು ಹೋದ್ರೆ ನಾನು ಎಲ್ಲಿ ಕೂತ್ಕೊಳ್ಳಲಿ?”

ಅಪ್ಪ ಹಿಂದೆ ತಿರುಗಿ ಸೀಟನ್ನು ನೋಡಿದರು. ಒಂದು ಮೂಲೆಯಲ್ಲಿ ರೆಕ್ಸಿನ್ ಅಷ್ಟಗಲ ಸವೆದು ನುಣುಪಾಗಿತ್ತು. ಅಲ್ಲಿ ಒಂದು ದಿಂಬು, ಖಾಲಿ ಪೆನ್ನು ಎರಡು, ಮಡಚಿದ ಒಣ ಬಟ್ಟೆ. ಆ ಬಟ್ಟೆಯನ್ನೇ ಅವರು ಹೆಚ್ಚು ಹೊತ್ತು ನೋಡಿದರೆನಿಸುತ್ತದೆ. ಆಮೇಲೆ ಇಳಿದು ಹೋದರು. ಗುಜರಿಯವನಿಗೆ ಬರಬೇಡವೆಂದು ಫೋನು ಮಾಡಿದ್ದು ಮಾತ್ರ ಕೇಳಿಸಿತು.

ಶನಿವಾರ ರಿಲೇ ತಂದು ಹಾಕಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಭಾನುವಾರ ಬೆಳಿಗ್ಗೆ ಕೀ ತಿರುಗಿಸಿದರೆ ಕಾರು ಒಂದೇ ಏಟಿಗೆ, ಕೆಮ್ಮದೆ, ಹೊಗೆಯಿಲ್ಲದೆ ಹೊರಟಿತು. ದೀಪ ಆರಿತ್ತು. ಅಪ್ಪ ಅದನ್ನು ನಿಲ್ಲಿಸಿ ಮತ್ತೆ ಹೊರಡಿಸಿದರು, ಮತ್ತೆ ನಿಲ್ಲಿಸಿದರು. ನಾಲ್ಕು ಸಲ ಹಾಗೆ ಮಾಡಿ ಐದನೆಯ ಸಲಕ್ಕೆ ಅಮ್ಮನಿಂದ ಬೈಸಿಕೊಂಡರು. ಆ ಸದ್ದು ರಸ್ತೆಯ ಕೊನೆಯವರೆಗೂ ಹೋಗಿರಬೇಕು. ಹತ್ತು ಗಂಟೆಗೆ ಔಷಧಿ ಅಂಗಡಿಯವರು ಇಸ್ತ್ರಿ ಮಾಡಿದ ಅಂಗಿಯಲ್ಲಿ ನಮ್ಮ ಶೆಡ್ಡಿನ ಮುಂದೆ ನಿಂತಿದ್ದರು.

“ಏನ್ ಮೀಟರ್ ಸಾಹೇಬ್ರೇ, ಪಂಪು ಹೋಗಿದೆ ಅಂದ್ರಿ, ಈಗ ನೋಡಿದ್ರೆ ಹಾಡ್ತಾ ಇದೆ. ನಾನು ತಗೊಂಡೇ ಹೋಗ್ತೀನಿ.”

ನಾನು ಶೆಡ್ಡಿನ ಕಂಬದ ಹಿಂದೆ ನಿಂತಿದ್ದೆ. ಕೈಯಲ್ಲಿ ಬಟ್ಟೆ ಇತ್ತು, ಒರೆಸಲು ಏನೂ ಇರಲಿಲ್ಲ. ಅಪ್ಪ ಸುಳ್ಳು ಹೇಳುವವರಲ್ಲ. ಕೊಡುತ್ತೇನೆಂದು ಒಮ್ಮೆ ಒಪ್ಪಿಕೊಂಡವರು ಬೇರೆ. ಅವರು ಅಂಗಡಿಯವರನ್ನು ಕುರ್ಚಿಯಲ್ಲಿ ಕೂರಿಸಿ, ಕೊಳ್ಳುವವರಿಗೆ ಎಲ್ಲ ತಿಳಿದಿರಬೇಕು ಎನ್ನುತ್ತ ನೋಟ್‌ಬುಕ್ ತೆರೆದು ಕನ್ನಡಕ ಹಾಕಿಕೊಂಡರು. ನೀರಿನ ಬಿಲ್ಲಿನ ತಕರಾರು ಓದುವ ಅದೇ ದನಿಯಲ್ಲಿ ಒಂದೊಂದೇ ಸಾಲು ಓದಿದರು. ಬುಧವಾರ ಸಂಜೆ ಐದೂ ಐವತ್ತಕ್ಕೆ ನಲವತ್ತಮೂರು, ಪಂಪು. ಶುಕ್ರವಾರ ಆರೂ ಹತ್ತಕ್ಕೆ ಇಪ್ಪತ್ತೇಳು, ವೇಗದ ಸೆನ್ಸರು. ಅದೇ ದಿನ ಆರೂ ಇಪ್ಪತ್ತಕ್ಕೆ ಮತ್ತೆ ಇಪ್ಪತ್ತೇಳು. ಅದೇ ನಿಮಿಷದಲ್ಲಿ ಎಪ್ಪತ್ತೊಂಬತ್ತು. ಆರೂ ಮೂವತ್ತೈದಕ್ಕೆ ಮೂವತ್ತೆರಡು, ರಿಲೇ, ಅದನ್ನು ಬದಲಾಯಿಸಲಾಗಿದೆ.

ಅಂಗಡಿಯವರು ಕುರ್ಚಿಯ ತುದಿಗೆ ಸರಿದರು.

“ಎಪ್ಪತ್ತೊಂಬತ್ತು ಅಂದ್ರೆ ಏನು?”

“ಗೊತ್ತಿಲ್ಲ” ಎಂದರು ಅಪ್ಪ. “ಪುಸ್ತಕದಲ್ಲಿಲ್ಲ.”

ಪಂಪಿಗೂ ಅಷ್ಟು ಹೆದರದ ಮನುಷ್ಯ ಅದಕ್ಕೆ ಹೆದರಿದರು. ಇಡೀ ಬದುಕು ಲೇಬಲ್ ಓದಿ ಕೊಡುತ್ತ ಬಂದವರಿಗೆ ಲೇಬಲ್ ಇಲ್ಲದ ಬಾಟಲಿಯನ್ನು ಕೈಗಿಟ್ಟ ಹಾಗಾಗಿತ್ತು. ಒಂದೇ ಹೊತ್ತಿನಲ್ಲಿ ಎರಡು ಕಾಯಿಲೆ ತೋರಿಸಿ, ಮೂರನೆಯದಕ್ಕೆ ಔಷಧಿ ಹಾಕಿದರೆ ಎಲ್ಲವೂ ಮಾಯವಾಗುವ ಕಾರು ತನಗೆ ಬೇಡ, ನಿಮ್ಮಂಥ ನಿಯತ್ತಿನವರು ಸಿಗುವುದು ಕಷ್ಟ ಎಂದು ಅಪ್ಪನ ಕೈಕುಲುಕಿ, ಕಾರಿನಿಂದ ಸ್ವಲ್ಪ ದೂರವಿಟ್ಟುಕೊಂಡೇ ಸುತ್ತಿ ಹೋದರು. ಆ ರೀಡಿಂಗುಗಳನ್ನು ತೆಗೆದವರು ಯಾರು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಅಪ್ಪ ಹೇಳಿಬಿಡುತ್ತಿದ್ದರು, ನನಗದು ಗೊತ್ತು. ನಾನು ಕಂಬವನ್ನು ಗಟ್ಟಿಯಾಗಿ ಹಿಡಿದಿದ್ದೆ. ಒಳಗಿನಿಂದ ಅಜ್ಜಿಯ ರೇಡಿಯೋ ಒಂದು ಗೆರೆ ಜಾಸ್ತಿಯಾಯಿತು.

ಅಪ್ಪ ನನ್ನತ್ತ ನೋಡದೆ ಕನ್ನಡಕ ಮಡಚಿ ಜೇಬಿಗೆ ಹಾಕಿಕೊಂಡು ಊಟಕ್ಕೆ ಏನಿದೆ ಎಂದು ಕೇಳುತ್ತ ಒಳಗೆ ಹೋದರು.

ಮಧ್ಯಾಹ್ನ ಊಟವಾದ ಮೇಲೆ ಬಟ್ಟೆ ಹಿಡಿದು ಶೆಡ್ಡಿಗೆ ಹೋದೆ. ಕಾರಿನೊಳಗೆ ಅಪ್ಪ ಇದ್ದರು. ಡ್ರೈವರ್ ಸೀಟನ್ನು ಹಿಂದಕ್ಕೆ ಒರಗಿಸಿ, ಪತ್ರಿಕೆ ಎದೆಯ ಮೇಲೆ ಹರಡಿಕೊಂಡು, ಕಾಲುಗಳನ್ನು ಬ್ರೇಕಿನ ಪಕ್ಕ ಚಾಚಿ ಕೂತಿದ್ದರು. ಅಳತೆ ಸರಿಯಿಲ್ಲವೆನ್ನುವವರು ಮೂವರು ಬಂದಿದ್ದಾರೆ, ನಿಮ್ಮಣ್ಣ ಯಾರದೋ ಐಸ್ ಕರಗಿದ್ದಕ್ಕೆ ಕ್ಷಮೆ ಕೇಳುತ್ತಿದ್ದಾನೆ ಎಂದು ತಾವೇ ವಿವರಿಸಿದರು. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. ಹಿಂದೆ ಕೂತುಕೋ, ನಾನು ಮಾತಾಡುವುದಿಲ್ಲ ಎಂದರು.

ಕೂತೆ. ಖಾನೆಯಿಂದ ದಿನಚರಿ ತೆಗೆಯಲು ಅವರ ಭುಜದ ಪಕ್ಕದಿಂದ ಮುಂದಕ್ಕೆ ಬಾಗಿ ಕೈಹಾಕಬೇಕಾಯಿತು. ಅವರು ಬೇರೆ ಕಡೆ ನೋಡಿದರು. ಅರ್ಧ ಪುಟ ಬರೆದೆ. ಪತ್ರಿಕೆಯ ಹಾಳೆ ಒಂದು ಸಲವೂ ತಿರುಗಲಿಲ್ಲ.

“ನನ್ನ ಬಗ್ಗೆ ಏನಾದ್ರೂ ಬರೆದಿದೀಯಾ?”

“ಇಲ್ಲಪ್ಪ” ಎಂದೆ. ಆ ಹೊತ್ತಿಗೆ ನಾನು ಬರೆಯುತ್ತಿದ್ದದ್ದು ಅವರ ಚಪ್ಪಲಿಯಿಲ್ಲದ ಕಾಲಿನ ಬಗ್ಗೆ.

ಎದುರಿನ ಚಿಕ್ಕ ಕನ್ನಡಿಯಲ್ಲಿ ಅವರ ಕಣ್ಣು ನನ್ನ ಮುಖವನ್ನು ಓದಿತು, ಮೂರು ಸಲ. ಆಮೇಲೆ ಅವರು ಕೈಯೆತ್ತಿ ಕನ್ನಡಿಯನ್ನು ಚಾವಣಿಯ ಕಡೆಗೆ ತಿರುಗಿಸಿ, ಪತ್ರಿಕೆಯನ್ನು ಮುಖದ ಮೇಲೆ ಎಳೆದುಕೊಂಡರು.